ಅಪ್ಪನ ಪೊಟ್ಯಾಸಿಯಂ, ಶಿಬಿರದ ಹಿಮೋಗ್ಲೋಬಿನ್: ಸ್ಯಾಂಪಲ್ ಎಲ್ಲಿ ಎಡವಿತು?

ಪ್ರಶ್ನೆ: ಮೇಡಂ, ನಾನು ಸಮುದಾಯ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದು ಮನೆಯ ಪ್ರಶ್ನೆ, ಒಂದು ಓದಿನ ಪ್ರಶ್ನೆ. ನಮ್ಮ ಅಪ್ಪನಿಗೆ 64 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ವಾರ ಬೆಳಗ್ಗೆ ಆರೂವರೆಗೆ ಲ್ಯಾಬಿನ ಹುಡುಗ ಮನೆಗೆ ಬಂದ. ನರ ಸಿಗಲಿಲ್ಲ ಅಂತ ಪಟ್ಟಿ ಬಿಚ್ಚದೆ ಎರಡು ಸಲ ಚುಚ್ಚಿದ. ‘ಮುಷ್ಟಿ ಬಿಗಿಹಿಡಿದು ಬಿಡಿ, ಹಿಡಿದು ಬಿಡಿ’ ಅನ್ನುತ್ತಲೇ ಇದ್ದ. ಸಿರಿಂಜಿಗೆ ಎಳೆದ ರಕ್ತವನ್ನು ಟ್ಯೂಬಿನ ಮುಚ್ಚಳಕ್ಕೆ ಸೂಜಿ ಚುಚ್ಚಿ ಒತ್ತಿ ತುಂಬಿದ. ನೇರಳೆ ಮುಚ್ಚಳದ್ದು ಒಂದು, ಹಳದಿ ಮುಚ್ಚಳದ್ದು ಒಂದು. ಬ್ಯಾಗಿಗೆ ಹಾಕಿಕೊಂಡು ‘ಇನ್ನೂ ಏಳು ಮನೆ ಇದೆ’ ಅಂತ ಓಡಿದ. ಸ್ಯಾಂಪಲ್ ಲ್ಯಾಬಿಗೆ ತಲುಪಿದ ಸಮಯ ರಿಪೋರ್ಟಿನಲ್ಲಿ 11.10 ಅಂತಿದೆ. ಪೊಟ್ಯಾಸಿಯಂ 6.2! ಡಾಕ್ಟರು ಗಾಬರಿಯಾಗಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮರುದಿನ ಬೆಳಗ್ಗೆ ಮಲಗಿಸಿ ರಕ್ತ ತೆಗೆದರು, ಇಸಿಜಿ ಮಾಡಿದರು. ಪೊಟ್ಯಾಸಿಯಂ 4.4, ಇಸಿಜಿ ಸರಿ. ಉಳಿದ ಅಂಕಿಗಳು ಹೀಗಿವೆ (ಮನೆ, ಆಸ್ಪತ್ರೆ): ಖಾಲಿ ಹೊಟ್ಟೆಯ ಸಕ್ಕರೆ 84, 109, ಹಿಮೋಗ್ಲೋಬಿನ್ 14.1, 13.4, ಕ್ರಿಯಾಟಿನಿನ್ 1.0, 1.0, ಕ್ಯಾಲ್ಸಿಯಂ 9.3, 9.2. ಯಾವ ಲ್ಯಾಬನ್ನು ನಂಬಬೇಕು? ಮೊದಲನೆಯವರ ಯಂತ್ರವೇ ಕೆಟ್ಟಿದೆಯೇ? ಆಸ್ಪತ್ರೆಯಲ್ಲಿ ಮೂರು ಟ್ಯೂಬ್ ರಕ್ತ ತೆಗೆದರು, ಮನೆಯಲ್ಲಿ ಎರಡರಲ್ಲೇ ಆಗಿತ್ತಲ್ಲ ಅಂತ ಅಪ್ಪ ಇನ್ನೂ ಗೊಣಗುತ್ತಿದ್ದಾರೆ.

ಎರಡನೆಯದು ನನ್ನ ಪ್ರಬಂಧದ್ದು. ಆರೋಗ್ಯ ಶಿಬಿರಗಳಿಗೆ ಬಂದ 200 ಮಹಿಳೆಯರ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದೆ. 104 ಜನರಿಗೆ, ಅಂದರೆ 52 ಶೇಕಡಾ ಮಂದಿಗೆ, ರಕ್ತಹೀನತೆ ಬಂತು. ಗೈಡ್ ‘ನಿನ್ನ ಸ್ಯಾಂಪಲ್ ಸರಿಯಿಲ್ಲ’ ಅನ್ನುತ್ತಾರೆ. ಇನ್ನೆರಡು ಶಿಬಿರ ಮಾಡಿ 400 ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಎರಡೂ ರಿಪೋರ್ಟಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಂಡೆ. ನೀವು ಪೊಟ್ಯಾಸಿಯಂ ಒಂದನ್ನೇ ಹಿಡಿದುಕೊಂಡಿದ್ದೀರಿ. ನನ್ನ ಕಣ್ಣು ಹೋದದ್ದು ಸಕ್ಕರೆಯ ಮೇಲೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ನಿಮ್ಮ ಡಾಕ್ಟರ ಬಗ್ಗೆ ಒಂದು ಮಾತು. 6.2 ನೋಡಿ ಅವರು ಆಸ್ಪತ್ರೆಗೆ ಕಳಿಸಿದ್ದು ಅತಿಯಾಯಿತು ಅಂದುಕೊಳ್ಳಬೇಡಿ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು. 6 ದಾಟಿದರೆ, ಅದು ನಿಜವೇ ಆಗಿದ್ದರೆ, ಹೃದಯದ ಬಡಿತ ಹಳಿ ತಪ್ಪಬಹುದು. ಅಪ್ಪನ ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟಾನ್’ ಅಂತಿದೆಯೇ ನೋಡಿ. ಆ ಜಾತಿಯ ಮಾತ್ರೆಗಳು ಪೊಟ್ಯಾಸಿಯಂ ಏರಿಸಬಲ್ಲವು. ಹಾಗಾಗಿ ‘ಲ್ಯಾಬಿನ ತಪ್ಪಿರಬಹುದು, ಮುಂದಿನ ವಾರ ನೋಡೋಣ’ ಅನ್ನುವುದು ಇಂಥ ಅಂಕಿಯ ವಿಷಯದಲ್ಲಿ ಜೂಜು. ತಕ್ಷಣ ಮತ್ತೆ ರಕ್ತ ತೆಗೆಯುವುದು, ಜೊತೆಗೇ ಇಸಿಜಿ: ಅವರು ಮಾಡಿದ್ದು ಇದನ್ನೇ. ಇಸಿಜಿ ಒಂದೇ ಸರಿಯಿದ್ದರೂ ಸಾಲದು. ಪೊಟ್ಯಾಸಿಯಂ ಏರಿದ್ದರೂ ಇಸಿಜಿ ಸುಮ್ಮನಿರುವುದುಂಟು. ಮರುಪರೀಕ್ಷೆಯಲ್ಲಿ 4.4 ಬಂದದ್ದರಿಂದಲೇ ನಾವಿಬ್ಬರೂ ಈಗ ನಿರಾಳವಾಗಿ ಮಾತಾಡುತ್ತಿದ್ದೇವೆ.

ಇನ್ನು ಯಂತ್ರ ಕೆಟ್ಟಿತ್ತೇ ಅನ್ನುವ ಪ್ರಶ್ನೆ. ನನ್ನ ಅಂದಾಜಿನಲ್ಲಿ ಮೊದಲ ಲ್ಯಾಬಿನ ಯಂತ್ರಕ್ಕೆ ಏನೂ ಆಗಿರಲಿಲ್ಲ. ಆ ಟ್ಯೂಬಿನಲ್ಲಿ ನಿಜವಾಗಿಯೂ 6.2 ಪೊಟ್ಯಾಸಿಯಂ ಇತ್ತು. ಅಪ್ಪನ ಮೈಯಲ್ಲಿ ಇರಲಿಲ್ಲ, ಅಷ್ಟೇ. ಲ್ಯಾಬ್ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಂಪಲ್ ಯಂತ್ರದ ಹತ್ತಿರ ಬರುವ ಮೊದಲೇ ಆಗಿಹೋಗಿರುತ್ತವೆ. ಜನ ಮಾತ್ರ ಲ್ಯಾಬ್ ದೊಡ್ಡದೋ ಚಿಕ್ಕದೋ, ಯಂತ್ರ ಯಾವ ದೇಶದ್ದು ಅಂತ ವಿಚಾರಿಸುತ್ತಾರೆ. ರಕ್ತ ಎಷ್ಟು ಹೊತ್ತು ಬ್ಯಾಗಿನಲ್ಲಿತ್ತು ಅಂತ ಕೇಳಿದವರನ್ನು ನಾನು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಮಾತ್ರ ನೋಡಿದ್ದೇನೆ.

ಪೊಟ್ಯಾಸಿಯಂ ಏರಿದ್ದು ಹೇಗೆ? ಕೆಂಪು ರಕ್ತಕಣದ ಒಳಗೆ ಪೊಟ್ಯಾಸಿಯಂ ತುಂಬಿ ತುಳುಕುತ್ತಿರುತ್ತದೆ, ಹೊರಗಿನ ದ್ರವಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಕಣ ಒಡೆದರೆ ಅದೆಲ್ಲ ಹೊರಗೆ. ಸಿರಿಂಜಿನ ರಕ್ತವನ್ನು ಸಪೂರ ಸೂಜಿಯ ಮೂಲಕ ಹೆಬ್ಬೆರಳಿನಿಂದ ಒತ್ತಿ ತಳ್ಳಿದಾಗ ಕಣಗಳು ಜಜ್ಜಿಹೋಗುತ್ತವೆ. ಇಂಥ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ (ಕಣವನ್ನೂ ದ್ರವವನ್ನೂ ಬೇರ್ಪಡಿಸುವ ಯಂತ್ರ) ತಿರುಗಿಸಿ ಹೊರತೆಗೆದು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ತಿಳಿ ಒಣಹುಲ್ಲಿನ ಬಣ್ಣದಲ್ಲಿರಬೇಕಾದ ಸೀರಂ, ಅಂದರೆ ಕಣ ಬೇರ್ಪಟ್ಟ ಮೇಲೆ ಉಳಿಯುವ ದ್ರವ, ಗುಲಾಬಿಯಾಗಿರುತ್ತದೆ, ಕೆಲವೊಮ್ಮೆ ಕೆಂಪು ಶಾಯಿ ಕದಡಿದ ನೀರಿನಂತೆ. ಇದಕ್ಕೆ ನಾವು ಹಿಮೋಲಿಸಿಸ್ ಅನ್ನುತ್ತೇವೆ. ಒಳ್ಳೆಯ ಲ್ಯಾಬ್ ಅದನ್ನು ನೋಡಿ ಒಂದೋ ಸ್ಯಾಂಪಲ್ ವಾಪಸು ಕಳಿಸುತ್ತದೆ, ಇಲ್ಲವೇ ರಿಪೋರ್ಟಿನಲ್ಲಿ ಒಂದು ಸಾಲು ಬರೆಯುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಅಂಥ ಸಾಲು ಇದ್ದ ಹಾಗೆ ನೀವು ಬರೆದಿಲ್ಲ. ಇದ್ದೂ ನೀವು ಗಮನಿಸದಿದ್ದರೆ ಇನ್ನೊಮ್ಮೆ ಹುಡುಕಿ, ಸಾಮಾನ್ಯವಾಗಿ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಇಲ್ಲವೇ ಇಲ್ಲವಾದರೆ, ಆ ಲ್ಯಾಬಿನ ಮೇಲೆ ನನಗಿರುವ ಮುಖ್ಯ ದೂರು ಅದು.

ಮುಷ್ಟಿಯ ಕತೆ ಇನ್ನೊಂದು. ಕೈಗೆ ಪಟ್ಟಿ ಬಿಗಿದು ಮುಷ್ಟಿ ಹಿಡಿದು ಬಿಡುತ್ತಿದ್ದರೆ ಮುಂಗೈಯ ಸ್ನಾಯುಗಳು ಕೆಲಸ ಮಾಡುತ್ತವೆ, ಮಾಡುತ್ತಾ ಪೊಟ್ಯಾಸಿಯಂ ಬಿಡುತ್ತವೆ. ಪಟ್ಟಿ ಕಟ್ಟಿರುವುದರಿಂದ ಅದು ಅಲ್ಲೇ ಉಳಿಯುತ್ತದೆ. ಇದೊಂದೇ ಕಾರಣಕ್ಕೆ 1 ಮಿಲಿಮೋಲ್‌ನಷ್ಟು (6.2 ಅನ್ನುವುದೂ ಇದೇ ಅಳತೆಯಲ್ಲಿ) ಏರಿದ ಉದಾಹರಣೆಗಳಿವೆ. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು; ನರ ಸಿಗದಿದ್ದರೆ ಬಿಚ್ಚಿ, ಎರಡು ನಿಮಿಷ ಬಿಟ್ಟು, ಇನ್ನೊಂದು ಕೈ ನೋಡಬೇಕು. (ನಾವೆಲ್ಲ ‘ನರ’ ಅನ್ನುವುದು ಅಭಿಧಮನಿಗೆ. ನಿಜವಾದ ನರಕ್ಕೆ ಸೂಜಿ ತಾಗಿದರೆ ಅಪ್ಪ ಟ್ಯೂಬಿನ ಲೆಕ್ಕ ಹಾಕುತ್ತಾ ಕೂರುತ್ತಿರಲಿಲ್ಲ, ಕೂಗಿಕೊಳ್ಳುತ್ತಿದ್ದರು.) ಆ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಾರರು. ಏಳು ಮನೆ ಬಾಕಿ ಇಟ್ಟುಕೊಂಡು ಓಡುವವನಿಗೆ ಎರಡು ನಿಮಿಷವೂ ದೊಡ್ಡದೇ.

ಇನ್ನೊಂದು ಅನುಮಾನವನ್ನು ಬಹುಮಟ್ಟಿಗೆ ತಳ್ಳಿಹಾಕಬಹುದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಡಿಟಿಎ ಎಂಬ ಲವಣ ಹಾಕಿರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಇದೆ, ಅದು ಕ್ಯಾಲ್ಸಿಯಂ ಅನ್ನು ಕಚ್ಚಿಕೊಳ್ಳುತ್ತದೆ. ಅದರ ಒಂದಿಷ್ಟು ಹಳದಿ ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಮೇಲಕ್ಕೆ, ಕ್ಯಾಲ್ಸಿಯಂ ಕೆಳಕ್ಕೆ. ಅಪ್ಪನ ಕ್ಯಾಲ್ಸಿಯಂ ಎರಡೂ ದಿನ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅದಲ್ಲ. ಈ ಪಾಠ ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಪೊಟ್ಯಾಸಿಯಂ 8 ದಾಟಿದ ರಿಪೋರ್ಟನ್ನು ಫೋನಿನಲ್ಲಿ ವಾರ್ಡಿಗೆ ಹೇಳಿಬಿಟ್ಟೆ. ಅಲ್ಲಿ ಎಲ್ಲರೂ ಓಡಾಡಿ ಚಿಕಿತ್ಸೆ ಶುರುಮಾಡಿದರು. ಅರ್ಧ ಗಂಟೆಯ ಮೇಲೆ ಅದೇ ರಿಪೋರ್ಟಿನ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಕ್ಯಾಲ್ಸಿಯಂ ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆ. ಹಳದಿ ಟ್ಯೂಬಿನಲ್ಲಿ ರಕ್ತ ಸಾಲಲಿಲ್ಲವೆಂದು ಯಾರೋ ನೇರಳೆಯದರಿಂದ ಸ್ವಲ್ಪ ಸುರಿದು ಭರ್ತಿ ಮಾಡಿದ್ದರು. ಸುರಿದವರದು ಒಂದು ತಪ್ಪು, ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡದ ನನ್ನದು ಇನ್ನೊಂದು. ಟ್ಯೂಬುಗಳಿಗೆ ತುಂಬುವ ಕ್ರಮವೊಂದು ಇರುವುದು, ಅದರಲ್ಲಿ ನೇರಳೆಯದು ಹಳದಿಯ ನಂತರ ಬರುವುದು ಇದೇ ಕಾರಣಕ್ಕೆ.

ಈಗ ಸಕ್ಕರೆ. ಆಸ್ಪತ್ರೆಯಲ್ಲಿ 109, ಮನೆಯಲ್ಲಿ 84. ರಕ್ತಕಣಗಳು ಟ್ಯೂಬಿನೊಳಗೂ ಬದುಕಿರುತ್ತವೆ. ಅವಕ್ಕೆ ಊಟ ಬೇಕು, ಎದುರಿಗಿರುವ ಗ್ಲೂಕೋಸನ್ನೇ ತಿನ್ನುತ್ತವೆ. ಕೋಣೆಯ ಬಿಸಿಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಕಡಿಮೆಯಾಗುತ್ತದೆ. ಆರೂವರೆಯಿಂದ 11.10ಕ್ಕೆ ನಾಲ್ಕು ಗಂಟೆ ನಲವತ್ತು ನಿಮಿಷ. 109ರಿಂದ ಶುರುಮಾಡಿ ಗಂಟೆಗೆ ಐದೂವರೆ ಶೇಕಡಾ ಕಳೆಯುತ್ತಾ ಹೋಗಿ: 84ರ ಹತ್ತಿರಕ್ಕೇ ಬರುತ್ತದೆ. ದಿನದಿಂದ ದಿನಕ್ಕೆ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ನಿಜ. ಆದರೂ ಈ ಲೆಕ್ಕ ಇಷ್ಟು ಸರಿಯಾಗಿ ಕೂರುವುದು ನೋಡಿದರೆ ಬ್ಯಾಗಿನ ಪ್ರಯಾಣವೇ ಕಾರಣ ಅನ್ನಿಸುತ್ತದೆ. ಪೊಟ್ಯಾಸಿಯಂ ತಪ್ಪು ನಿಮ್ಮನ್ನು ಹೆದರಿಸಿತು, ಆಸ್ಪತ್ರೆಗೆ ಓಡಿಸಿತು, ಮರುದಿನವೇ ಬಯಲಾಯಿತು. ಸಕ್ಕರೆಯ ತಪ್ಪು ಯಾರನ್ನೂ ಹೆದರಿಸಲಿಲ್ಲ. 84 ನೋಡಿ ‘ಶುಗರ್ ಚೆನ್ನಾಗಿದೆ’ ಅಂತ ಎಲ್ಲರೂ ಪುಟ ಮಗುಚುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಅನೇಕ ಮಾರ್ಗಸೂಚಿಗಳ ಪ್ರಕಾರ ಅದು ಮಧುಮೇಹದ ಹೊಸ್ತಿಲು. ಅಪ್ಪನ ಡಾಕ್ಟರ ಜೊತೆ ಮಾತಾಡುವಾಗ ಈ 109ರ ವಿಷಯ ಎತ್ತಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾಡಿಸಬೇಕೇ ಅಂತ ಕೇಳಿ.

ಹಿಮೋಗ್ಲೋಬಿನ್ 14.1ರಿಂದ 13.4ಕ್ಕೆ ಇಳಿದದ್ದಕ್ಕೆ ಯಾರೂ ಹೊಣೆಯಲ್ಲ. ಕೂತಾಗ, ನಿಂತಾಗ ರಕ್ತನಾಳದಿಂದ ಸ್ವಲ್ಪ ನೀರು ಅಂಗಾಂಶಕ್ಕೆ ಇಳಿಯುತ್ತದೆ, ರಕ್ತ ಮಂದವಾಗುತ್ತದೆ. ಮಲಗಿದರೆ ವಾಪಸು ಬರುತ್ತದೆ. ಮನೆಯಲ್ಲಿ ಕೂತು ಕೊಟ್ಟದ್ದಕ್ಕೂ ಆಸ್ಪತ್ರೆಯಲ್ಲಿ ಮಲಗಿ ಕೊಟ್ಟದ್ದಕ್ಕೂ ಐದು ಶೇಕಡಾ ವ್ಯತ್ಯಾಸ ಬಂದರೆ ನಾನು ಹುಬ್ಬೇರಿಸುವುದಿಲ್ಲ.

ಅಂದರೆ ಮನೆಗೇ ಕರೆಸಿ ರಕ್ತ ತೆಗೆಸಿಕೊಳ್ಳುವುದೇ ತಪ್ಪೇ? ಅಲ್ಲ. ನಡೆಯಲಾರದವರಿಗೆ, ಇಳಿವಯಸ್ಸಿನವರಿಗೆ ಅದು ದೊಡ್ಡ ಅನುಕೂಲ. ಕರೆಯುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ರಕ್ತ ತೆಗೆದ ಎಷ್ಟು ಹೊತ್ತಿಗೆ ಸೆಂಟ್ರಿಫ್ಯೂಜ್ ಮಾಡುತ್ತೀರಿ?’ ಎರಡು ಗಂಟೆಯೊಳಗೆ ಅಂದರೆ ಸರಿ. ತಡವರಿಸಿದರೆ, ಅಥವಾ ‘ಐಸ್ ಬಾಕ್ಸಿನಲ್ಲಿ ಇಟ್ಟಿರುತ್ತೇವೆ, ಏನೂ ಆಗಲ್ಲ’ ಅಂದರೆ ಪೊಟ್ಯಾಸಿಯಂ ಪರೀಕ್ಷೆಯನ್ನು ಅವರಿಗೆ ಕೊಡಬೇಡಿ. ತಣ್ಣಗಿಟ್ಟರೆ ಎಲ್ಲವೂ ಕೆಡದೆ ಉಳಿಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕಣದೊಳಗೆ ಪೊಟ್ಯಾಸಿಯಂ ಹಿಡಿದಿಡುವ ಪಂಪು ಚಳಿಗೆ ನಿಂತುಬಿಡುತ್ತದೆ, ಪೊಟ್ಯಾಸಿಯಂ ಸೋರತೊಡಗುತ್ತದೆ. ಕಣ ಒಡೆಯದಿದ್ದರೂ ಸೋರುತ್ತದಾದ್ದರಿಂದ ಸೀರಂ ಬಣ್ಣ ನೋಡಿಯೂ ಪತ್ತೆಹಚ್ಚಲಾಗದು. ಅಪ್ಪ ಓಡಾಡಬಲ್ಲವರಾದರೆ ಮುಂದಿನ ಸಲ ಲ್ಯಾಬಿಗೇ ಕರೆದುಕೊಂಡು ಹೋಗಿ. ಹತ್ತು ಹದಿನೈದು ನಿಮಿಷ ಸುಮ್ಮನೆ ಕೂತಿದ್ದು ಆಮೇಲೆ ಕೈ ಕೊಡಲಿ. ‘ಮುಷ್ಟಿ ಹಿಡಿದು ಬಿಡಿ’ ಅಂದರೆ ಬೇಡ ಅನ್ನಲಿ. ಖಾಲಿ ಹೊಟ್ಟೆ ಅಂದರೆ ನೀರೂ ಕುಡಿಯಬಾರದು ಅಂತ ಎಷ್ಟೋ ಜನ ಬಾಯಾರಿ ಬರುತ್ತಾರೆ. ನೀರು ಕುಡಿಯಬಹುದು, ಕುಡಿದರೆ ನರವೂ ಸುಲಭವಾಗಿ ಸಿಗುತ್ತದೆ. ಬಿಪಿ ಮಾತ್ರೆಯನ್ನು ಮಾತ್ರ ಪರೀಕ್ಷೆಯ ನೆಪದಲ್ಲಿ ನೀವಾಗಿಯೇ ನಿಲ್ಲಿಸಬೇಡಿ. ಕೂದಲು ಉಗುರು ಚೆನ್ನಾಗಿರಲೆಂದು ಬಯೋಟಿನ್ ಮಾತ್ರೆ ನುಂಗುವವರು ಮನೆಯಲ್ಲಿದ್ದರೆ ಅವರಿಗೊಂದು ಮಾತು: ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯಾಘಾತದ ಟ್ರೋಪೊನಿನ್ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ರಕ್ತ ಕೊಡುವ ಮೊದಲು ಹೇಳಿಬಿಡಿ.

ರಕ್ತದ ಮಾತು ಬಂದದ್ದರಿಂದ ಮೂತ್ರದ್ದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಸ್ಯಾಂಪಲ್ ಹಿಡಿಯುವವರು ನಾವೇ, ಬೈಯಲು ಲ್ಯಾಬಿನ ಹುಡುಗನಿಲ್ಲ. ಕಲ್ಚರ್ ಪರೀಕ್ಷೆಯಲ್ಲಿ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವುದು) ಒಂದು ಮಿಲಿಲೀಟರಿನಲ್ಲಿ ಒಂದು ಲಕ್ಷ ಬ್ಯಾಕ್ಟೀರಿಯಾ ಅನ್ನುವ ಪ್ರಸಿದ್ಧ ಗಡಿ ಇದೆ. ಅಮೆರಿಕದ ವೈದ್ಯ ಎಡ್ವರ್ಡ್ ಕ್ಯಾಸ್ 1950ರ ದಶಕದಲ್ಲಿ ಹಾಕಿಕೊಟ್ಟದ್ದು. ಸೋಂಕು ಯಾವುದು, ಚರ್ಮದಿಂದ ಬಂದು ಸೇರಿದ್ದು ಯಾವುದು ಅಂತ ಬೇರ್ಪಡಿಸಲು ಅದು ಬೇಕಾಯಿತು. ಆದರೆ ಬೆಚ್ಚಗಿನ ಮೂತ್ರದಲ್ಲಿ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಸಾವಿರ ಇದ್ದದ್ದು ಏಳು ಸಲ ಇಮ್ಮಡಿಯಾದರೆ 1,28,000. ಬೆಳಗ್ಗೆ ಹಿಡಿದ ಡಬ್ಬಿಯನ್ನು ಕಿಟಕಿಯ ಹತ್ತಿರ ಇಟ್ಟು ಮಧ್ಯಾಹ್ನ ಕೊಟ್ಟರೆ ಇಲ್ಲದ ಸೋಂಕಿಗೆ ಆ್ಯಂಟಿಬಯಾಟಿಕ್ ತಿನ್ನಬೇಕಾಗುತ್ತದೆ. ತೊಳೆದುಕೊಂಡು, ಮೊದಲಿನದನ್ನು ಬಿಟ್ಟು, ನಡುವಿನದನ್ನು ಹಿಡಿದು, ಒಂದೆರಡು ಗಂಟೆಯೊಳಗೆ ತಲುಪಿಸಿ; ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಕೊಡಿ. ಇಡೀ ದಿನದ ಮೂತ್ರ ಕೂಡಿಡಲು ಹೇಳಿದ್ದರೆ ಮೊದಲ ದಿನ ಎದ್ದಕೂಡಲೇ ಹೋದದ್ದನ್ನು ಚೆಲ್ಲಿ, ಗಡಿಯಾರ ನೋಡಿ ಸಮಯ ಬರೆದುಕೊಂಡು, ಆಮೇಲಿನದ್ದೆಲ್ಲ ಸೇರಿಸಿ, ಮರುದಿನ ಅದೇ ಹೊತ್ತಿನದ್ದನ್ನೂ ಹಾಕಬೇಕು. ಹತ್ತರಲ್ಲಿ ನಾಲ್ಕು ಜನ ಎರಡೂ ಬೆಳಗಿನದ್ದನ್ನು ಸೇರಿಸಿ ತರುತ್ತಾರೆ ಅನ್ನುವುದು ನನ್ನ ಗೊಣಗಾಟ, ಲೆಕ್ಕ ಹಾಕಿ ಹೇಳಿದ್ದಲ್ಲ.

ನಿಮ್ಮ ಪ್ರಬಂಧಕ್ಕೆ ಬರುವ ಮೊದಲು, ರಿಪೋರ್ಟಿನ ಬಲಗಡೆ ಅಚ್ಚಾಗಿರುತ್ತದಲ್ಲ, ‘ನಾರ್ಮಲ್ ರೇಂಜ್’, ಅದನ್ನೊಮ್ಮೆ ನೋಡಿ. ಅದೂ ಒಂದು ಸಮೀಕ್ಷೆಯ ಫಲವೇ. ಆರೋಗ್ಯವಂತರನ್ನು, ಕನಿಷ್ಠ 120 ಜನರನ್ನು, ಆರಿಸಿ ಪರೀಕ್ಷಿಸಿ, ಎರಡೂ ತುದಿ ಬಿಟ್ಟು ನಡುವಿನ 95 ಶೇಕಡಾವನ್ನು ಗಡಿಯಾಗಿ ಇಟ್ಟುಕೊಳ್ಳುವುದು ರೂಢಿ. ಹಾಗಾಗಿ ಏನೂ ಕಾಯಿಲೆಯಿಲ್ಲದವರಲ್ಲೂ ಇಪ್ಪತ್ತಕ್ಕೆ ಒಬ್ಬರು ಗಡಿಯ ಹೊರಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿದರೆ ಒಂದಾದರೂ ದಪ್ಪ ಅಕ್ಷರದಲ್ಲಿ ಬರುವ ಸಂಭವ ಸುಮಾರು 64 ಶೇಕಡಾ. ಆ 120 ಜನ ಯಾರು, ಅವರನ್ನು ಹೇಗೆ ಆರಿಸಿದರು ಅನ್ನುವುದು ಸರಿಯಿಲ್ಲದಿದ್ದರೆ ರಕ್ತ ಎಷ್ಟು ಚೆನ್ನಾಗಿ ತೆಗೆದರೂ ಹೋಲಿಸುವ ಅಳತೆಗೋಲೇ ಸೊಟ್ಟ.

ನಿಮ್ಮ ಗೈಡ್ ಹೇಳುತ್ತಿರುವುದೂ ಇದನ್ನೇ ಅಂತ ಕಾಣುತ್ತದೆ. ‘ಸ್ಯಾಂಪಲ್ ಸರಿಯಿಲ್ಲ’ ಅಂದದ್ದನ್ನು ನೀವು ‘ಸ್ಯಾಂಪಲ್ ಚಿಕ್ಕದು’ ಅಂತ ಕೇಳಿಸಿಕೊಂಡಿದ್ದೀರಿ.

ಅಪ್ಪನ ಮೈಯಲ್ಲಿ ಐದು ಲೀಟರಿನಷ್ಟು ರಕ್ತ ಇದೆ. ಅದರಲ್ಲಿ ಒಂದೆರಡು ಚಮಚ ತೆಗೆದು ಇಡೀ ಮೈಯ ಬಗ್ಗೆ ತೀರ್ಪು ಕೊಡುವ ಧೈರ್ಯ ನಮಗೆ ಎಲ್ಲಿಂದ ಬಂತು? ಹೃದಯ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಅಷ್ಟೂ ರಕ್ತವನ್ನು ಸುತ್ತಿಸಿ ಕಲಕುತ್ತಿರುತ್ತದೆ. ಒಂದು ಅಗುಳು ಹಿಸುಕಿ ಪಾತ್ರೆಯ ಅನ್ನವನ್ನೆಲ್ಲ ಬಲ್ಲೆ ಅನ್ನುವ ಗಾದೆಯೂ ಪಾತ್ರೆ ಒಂದೇ ಹದದಲ್ಲಿ ಕುದಿಯುತ್ತಿದ್ದರೆ ಮಾತ್ರ ನಿಜ. ಜನರನ್ನು ಹಾಗೆ ಯಾರೂ ಕಲಕಿ ಇಟ್ಟಿರುವುದಿಲ್ಲ. ಶಿಬಿರಕ್ಕೆ ಬಂದವರು ಯಾರು, ನೆನಪಿಸಿಕೊಳ್ಳಿ. ಸುಸ್ತು, ತಲೆಸುತ್ತು ಅಂತ ಮೊದಲೇ ಅನುಮಾನ ಇದ್ದವರು ಬಂದಿರುತ್ತಾರೆ. ಹಗಲು ಬಿಡುವಿದ್ದವರು ಬಂದಿರುತ್ತಾರೆ. ದಿನಗೂಲಿ ಬಿಟ್ಟು ಬರಲಾರದವರು, ಎದ್ದು ಬರುವ ಶಕ್ತಿಯೇ ಇಲ್ಲದವರು, ಮತ್ತು ‘ನನಗೇನಾಗಿದೆ’ ಅನ್ನುವ ಗಟ್ಟಿಮುಟ್ಟಾದವರು ಬಂದಿಲ್ಲ. ಇವು ಬೇರೆಬೇರೆ ದಿಕ್ಕಿಗೆ ಎಳೆಯುತ್ತವೆ. ಒಟ್ಟು ಎತ್ತ ವಾಲಿತು ಅಂತ ಶಿಬಿರದ ರಿಜಿಸ್ಟರ್ ನೋಡಿ ಹೇಳಲು ನಿಮಗೂ ಆಗದು, ನನಗೂ ಆಗದು.

ಸಂಖ್ಯೆಯ ಲೆಕ್ಕವನ್ನೂ ಮಾಡಿಬಿಡೋಣ. 200 ಜನರಲ್ಲಿ 52 ಶೇಕಡಾ ಅಂದರೆ ಹೆಚ್ಚುಕಡಿಮೆ 7 ಅಂಶ ಆಚೀಚೆ, ಅಂದರೆ ನಿಜವಾದದ್ದು 45ರಿಂದ 59ರ ನಡುವೆ ಎಲ್ಲೋ ಇರಬಹುದು. 400 ಮಾಡಿದರೆ 5 ಅಂಶ. ದೋಷ ಅರ್ಧಕ್ಕಿಳಿಯಬೇಕಾದರೆ ಜನ ನಾಲ್ಕು ಪಟ್ಟಾಗಬೇಕು. ಆದರೆ ಈ ಲೆಕ್ಕ ಚೀಟಿ ಎತ್ತಿ ಆರಿಸಿದವರಿಗೆ ಮಾತ್ರ ಅನ್ವಯ. ತಾವಾಗಿಯೇ ಬಂದವರ ಸಂಖ್ಯೆ ಎರಡು ಪಟ್ಟಾದರೆ ತಪ್ಪು ಉತ್ತರವೇ ಇನ್ನಷ್ಟು ಗಟ್ಟಿ ದನಿಯಲ್ಲಿ ಬರುತ್ತದೆ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರ ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ರೂಸ್‌ವೆಲ್ಟ್ ಎದುರು ನಿಂತ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಹೆಸರುಗಳನ್ನು ಬಹಳಮಟ್ಟಿಗೆ ಟೆಲಿಫೋನ್ ಪಟ್ಟಿ, ಕಾರಿನ ನೋಂದಣಿಯಿಂದ ಎತ್ತಿದ್ದರು. ಆ ಕಾಲಕ್ಕೆ ಅವೆರಡೂ ಉಳ್ಳವರ ಮನೆಯ ವಸ್ತು. ಅದಕ್ಕಿಂತಲೂ, ಮತಪತ್ರ ತುಂಬಿ ವಾಪಸು ಕಳಿಸುವಷ್ಟು ಆಸಕ್ತಿ ಇದ್ದವರು ಒಂದೇ ಕಡೆಯವರು ಹೆಚ್ಚಿದ್ದರು. ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಜನರನ್ನು ಕೇಳಿದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರ ಹೆಸರು ಸರಿಯಾಗಿ ಹೇಳಿದರು.

ನಿಮ್ಮ ಗೈಡ್ ಬಹುಶಃ ಕೇಳದ ಇನ್ನೊಂದು ಪ್ರಶ್ನೆಯನ್ನು ಲ್ಯಾಬಿನವಳಾಗಿ ನಾನು ಕೇಳುತ್ತೇನೆ: ಬೆರಳನ್ನು ಹೇಗೆ ಚುಚ್ಚಿದಿರಿ? ಶಿಬಿರದ ಗಡಿಬಿಡಿ ನನಗೆ ಗೊತ್ತು. ಸ್ಪಿರಿಟ್ ಒರೆಸಿ, ಅದು ಆರುವ ಮೊದಲೇ ಚುಚ್ಚಿ, ರಕ್ತ ಬರಲಿಲ್ಲವೆಂದು ಬುಡದಿಂದ ತುದಿಗೆ ಹಿಂಡಿ, ಬಂದ ಮೊದಲ ಹನಿಯನ್ನೇ ತೆಗೆದುಕೊಳ್ಳುವುದು. ಹಿಂಡಿದಾಗ ಬರುವುದು ಬರೀ ರಕ್ತವಲ್ಲ, ಅಂಗಾಂಶದ ನೀರೂ ಬೆರೆತಿರುತ್ತದೆ. ಹನಿ ತೆಳುವಾಗುತ್ತದೆ, ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತದೆ. ಸರಿಯಾದ ರೀತಿ ನಿಧಾನದ್ದು. ಕೈ ಬೆಚ್ಚಗಿರಬೇಕು. ನಡುಬೆರಳು ಅಥವಾ ಉಂಗುರದ ಬೆರಳಿನ ತುದಿಯ ಪಕ್ಕಕ್ಕೆ, ಸ್ಪಿರಿಟ್ ಪೂರ್ತಿ ಆರಿದ ಮೇಲೆ, ಒಂದೇ ಸಲಕ್ಕೆ ಸಾಕಷ್ಟು ಆಳ ಚುಚ್ಚಬೇಕು. ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿ, ಮುಂದಿನದು ತಾನಾಗಿ ದುಂಡಗೆ ಉಬ್ಬುವವರೆಗೆ ಕಾಯಬೇಕು. ಹೀಗೆ ಮಾಡಿದರೂ ಒಂದು ಹನಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆ ಪತ್ತೆಗೆ ತೋಳಿನ ರಕ್ತವನ್ನೇ, ಸ್ವಯಂಚಾಲಿತ ಯಂತ್ರದಲ್ಲೇ ನೋಡುವುದು ಒಳ್ಳೆಯದು ಅಂದದ್ದು ಇದರಿಂದಾಗಿಯೇ.

ಇದೆಲ್ಲ ಕೂದಲು ಸೀಳುವುದು ಅನ್ನಿಸಿದರೆ ಒಂದು ಲೆಕ್ಕ ನೋಡಿ. ಉದಾಹರಣೆಗೆಂದು, ಮಹಿಳೆಯರ ನಿಜವಾದ ಸರಾಸರಿ 12.5, ಪ್ರಮಾಣಿತ ವಿಚಲನೆ (ಸರಾಸರಿಯಿಂದ ಅಂಕಿಗಳು ಎಷ್ಟು ಹರಡಿವೆ ಅನ್ನುವ ಅಳತೆ) 1.5 ಅಂತ ಇಟ್ಟುಕೊಳ್ಳೋಣ. ಗರ್ಭಿಣಿಯರಲ್ಲದ ಮಹಿಳೆಯರಿಗೆ ಗಡಿ 12. ಆಗ ಗಡಿಯ ಕೆಳಗಿರುವವರು 37 ಶೇಕಡಾ. ಬೆರಳು ಹಿಂಡಿದ್ದರಿಂದ ಎಲ್ಲರದ್ದೂ ಬರೀ ಅರ್ಧ ಗ್ರಾಂ ಕಡಿಮೆ ತೋರಿಸಿತು ಅನ್ನಿ. ಸರಾಸರಿ 12ಕ್ಕೆ ಬಂತು, ರಕ್ತಹೀನತೆ 50 ಶೇಕಡಾ ಆಯಿತು! ನೂರರಲ್ಲಿ ಹದಿಮೂರು ಹೆಂಗಸರಿಗೆ ನಿಮ್ಮ ಹೆಬ್ಬೆರಳೇ ಕಾಯಿಲೆ ತಂದಿತು. 400 ಅಲ್ಲ, 4,000 ಮಾಡಿದರೂ ಇದು ಇಳಿಯದು. ಜನ ಹೆಚ್ಚುಕಡಿಮೆ ಗಡಿಯ ಆಸುಪಾಸಿನಲ್ಲೇ ಗುಂಪುಗೂಡಿರುವ ಅಳತೆಗಳಲ್ಲಿ ಸಣ್ಣ ವಾಲುವಿಕೆಯೂ ಹೀಗೆ ದೊಡ್ಡದಾಗಿ ಕಾಣುತ್ತದೆ. ಅಂದಹಾಗೆ, ನಿಮ್ಮ 200ರಲ್ಲಿ ಗರ್ಭಿಣಿಯರು ಸೇರಿದ್ದರೆ ಅವರನ್ನು ಬೇರೆ ಮಾಡಿ, ಅವರ ಗಡಿ ಬೇರೆ.

ಈಗ ನಿಮಗಿರುವ ದಾರಿಗಳು. ತೀರಾ ಸಮಯವಿಲ್ಲದಿದ್ದರೆ ಇರುವ 200ನ್ನೇ ಇಟ್ಟುಕೊಂಡು ಪ್ರಬಂಧದ ಶೀರ್ಷಿಕೆ ಬದಲಿಸಿ: ‘ಶಿಬಿರಕ್ಕೆ ಬಂದ ಮಹಿಳೆಯರಲ್ಲಿ’ ಅಂತ. ಅದು ಪ್ರಾಮಾಣಿಕ. ಆದರೆ ಇಡೀ ಜನಸಮುದಾಯದ ಬಗ್ಗೆ ಒಂದು ವಾಕ್ಯವನ್ನೂ ಬರೆಯುವಂತಿಲ್ಲ, ಚರ್ಚೆಯ ಅಧ್ಯಾಯದಲ್ಲಿ ಕೈ ಜಾರುವ ಅಪಾಯ ಇದ್ದೇ ಇದೆ. ವಯಸ್ಸು, ಕೆಲಸ ನೋಡಿ, ಕಡಿಮೆ ಬಂದ ಗುಂಪಿನವರಿಗೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಟ್ಟು ಸರಿದೂಗಿಸು ಅಂತ ಯಾರಾದರೂ ಸಲಹೆ ಕೊಡಬಹುದು. ನೀವು ಬರೆದುಕೊಂಡಿರುವ ಸಂಗತಿಗಳಿಗೆ ತೂಕ ಕೊಡಬಹುದು. ‘ಸುಸ್ತಾಗಿದ್ದರಿಂದ ಬಂದೆ’ ಅನ್ನುವುದನ್ನು ನೀವು ಬರೆದುಕೊಂಡೇ ಇಲ್ಲ.

ಮೂರು ತಿಂಗಳಾದರೂ ಇದ್ದರೆ ನನ್ನ ಮಾತು ಕೇಳಿ, ಮನೆಗಳ ಪಟ್ಟಿಯಿಂದ ಹೊಸದಾಗಿ ಶುರುಮಾಡಿ. ಪಟ್ಟಿ ಹಿಡಿದು, ಮೊದಲ ಮನೆಯನ್ನು ಚೀಟಿ ಎತ್ತಿ ಆರಿಸಿ, ಆಮೇಲೆ ಇಂತಿಷ್ಟನೆಯ ಮನೆ ಅಂತ ಹೋಗಿ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗುವ ಆಸೆಯಾಗುತ್ತದೆ; ನುಗ್ಗಬೇಡಿ. ಬೀಗ ಹಾಕಿದವರೇ ಶಿಬಿರಕ್ಕೆ ಬಾರದವರು, ನಿಮಗೆ ಬೇಕಾದವರು. ಸಂಜೆ ಅಥವಾ ರಜೆಯ ದಿನ ಮತ್ತೆ ಹೋಗಿ, ಮೂರು ಸಲ ಸಿಗದಿದ್ದರೆ ‘ಸಿಗಲಿಲ್ಲ’ ಅಂತ ಬರೆಯಿರಿ. ಒಪ್ಪದವರ ಸಂಖ್ಯೆಯನ್ನೂ ಪ್ರತ್ಯೇಕ ಬರೆಯಿರಿ. ಇದರಲ್ಲಿ ಕಾಲು ನೋಯುತ್ತದೆ, ಬೈಗುಳ ಸಿಗುತ್ತದೆ. ಆದರೂ ಹೀಗೆ ಆರಿಸಿದ 200, ಶಿಬಿರದ 400ಕ್ಕಿಂತ ಮೇಲು. ಅಲೆದಾಟ ತಪ್ಪಿಸಲು ಕೆಲವೇ ಬಡಾವಣೆಗಳನ್ನು ಆರಿಸಿ ಅಲ್ಲಿ ಹೆಚ್ಚು ಮನೆ ನೋಡಬಹುದು. ಆದರೆ ಅಕ್ಕಪಕ್ಕದವರು ಒಬ್ಬರಿಗೊಬ್ಬರು ಹೋಲುತ್ತಾರೆ. ಆಗ ಅಷ್ಟೇ ನಿಖರತೆಗೆ ಹೆಚ್ಚು ಜನ ಬೇಕಾಗುತ್ತದೆ. ಎರಡು ಪಟ್ಟು ಅಂತ ಮೊದಲೇ ಲೆಕ್ಕ ಹಿಡಿಯುವುದು ಸಾಮಾನ್ಯ.

ಎಲ್ಲರ ತೋಳಿನ ರಕ್ತ ತೆಗೆಯುವಷ್ಟು ಅನುಕೂಲ ಇಲ್ಲದಿದ್ದರೆ ನಲವತ್ತು ಜನರಲ್ಲಾದರೂ ಬೆರಳು, ತೋಳು ಎರಡನ್ನೂ ಒಂದೇ ಹೊತ್ತಿಗೆ ನೋಡಿ. ನಿಮ್ಮ ಕೈ ಎಷ್ಟು ವಾಲುತ್ತದೆ ಅಂತ ಗೊತ್ತಾಗುತ್ತದೆ. ಅದನ್ನು ಹಿಂದಿನ 200ಕ್ಕೆ ಹಚ್ಚಿ ತಿದ್ದಲು ಹೋಗಬೇಡಿ. ಆಗ ಹಿಂಡಿದ ರೀತಿ ಬೇರೆ, ಬಹುಶಃ ಹಿಂಡಿದವರೂ ಬೇರೆ. ಮತ್ತೆ, ಆ 104 ಜನರ ಫೋನ್ ನಂಬರ್ ನಿಮ್ಮ ಹತ್ತಿರ ಇರುತ್ತದಲ್ಲ? ಪ್ರಬಂಧ ಏನೇ ಆಗಲಿ, ಅವರಿಗೆ ಒಂದು ಸಲ ಸರಿಯಾದ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಹೇಳುವುದು ನಿಮ್ಮ ಮೇಲಿದೆ.

ಕೊನೆಗೆ ಅಪ್ಪನ ಗೊಣಗಾಟ. ಮೂರು ಟ್ಯೂಬ್ ಸೇರಿ ಸುಮಾರು 10 ಮಿಲಿಲೀಟರ್ ಆಗಿರಬಹುದು. ರಕ್ತದಾನಿ ಒಬ್ಬ ಒಂದೇ ಸಲಕ್ಕೆ 350 ಅಥವಾ 450 ಕೊಟ್ಟು ಎದ್ದು ಹೋಗುತ್ತಾನೆ. ಆಸ್ಪತ್ರೆಯ ಮೂರನೆಯ ಟ್ಯೂಬಿನ ಮುಚ್ಚಳ ಯಾವ ಬಣ್ಣದ್ದಿತ್ತು ಅಂತ ಅವರನ್ನೇ ಕೇಳಿ ನೋಡಿ. ಬೂದು ಇದ್ದಿರಬೇಕು. ಅದರಲ್ಲಿ ಫ್ಲೋರೈಡ್ ಇರುತ್ತದೆ, ಕಣಗಳು ಸಕ್ಕರೆ ತಿನ್ನುವುದನ್ನು ತಡೆಯುತ್ತದೆ. ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯಲಾರದು, ಹಾಗಾಗಿ ಅದನ್ನೂ ಬೇಗ ತಲುಪಿಸಬೇಕು. ಮನೆಗೆ ಬಂದ ಹುಡುಗನ ಬ್ಯಾಗಿನಲ್ಲಿ ಆ ದಿನ ಇರದಿದ್ದದ್ದು ಅದೇ. 109 ಅಂತ ಸರಿಯಾಗಿ ಹೇಳಿದ್ದು, ಅವರು ದಂಡ ಅಂದುಕೊಂಡ ಆ ಮೂರನೆಯ ಟ್ಯೂಬು.